ಇಪ್ಪತ್ತೇಳಕ್ಕೆ ಎಷ್ಟು ಬಂತು?

ವಿದ್ಯಾರ್ಥಿಗಳ ಬುದ್ಧಿಯನ್ನು ನೂರು ಅಂಕಗಳಿಗೆ ಅಳೆದು ಕೈ ಪಳಗಿಸಿಕೊಂಡ ವಿಶ್ವವಿದ್ಯಾಲಯಗಳು ಈಗ ಅವರ ಸಂಕಟವನ್ನು 27 ಅಂಕಗಳಿಗೆ ಅಳೆಯಲು ಹೊರಟಿರುವುದನ್ನು ಯಾರೂ ಆಕ್ಷೇಪಿಸುವಂತಿಲ್ಲ. ಅದಕ್ಕೆ ಬೇಕಾದ ಸಾಧನವೂ ಪುಕ್ಕಟೆಯಾಗಿ ದೊರೆಯುತ್ತದೆ. 2001ರಲ್ಲಿ ಪ್ರಕಟವಾದ ಪಿಎಚ್‌ಕ್ಯೂ-9 ಎಂಬ ಪ್ರಶ್ನಾವಳಿಯು, ಕಳೆದ ಎರಡು ವಾರಗಳಲ್ಲಿ ನಿದ್ದೆ ಕೆಟ್ಟಿತ್ತೇ, ದಣಿವಾಗಿತ್ತೇ, ಮನಸ್ಸು ಒಂದೆಡೆ ನಿಲ್ಲದಾಗಿತ್ತೇ ಎಂಬಂಥ ಒಂಬತ್ತು ಪ್ರಶ್ನೆಗಳನ್ನು ಕೇಳಿ, ಒಂದೊಂದಕ್ಕೂ ಸೊನ್ನೆಯಿಂದ ಮೂರರವರೆಗೆ ಅಂಕ ಕೊಡುತ್ತದೆ. ಮೊತ್ತವು 10 ಮುಟ್ಟಿದರೆ ಖಿನ್ನತೆ ಇರಬಹುದೆಂದು ಶಂಕಿಸಿ, ಬಲ್ಲವರೊಬ್ಬರು ಆ ವ್ಯಕ್ತಿಯನ್ನು ಕೂರಿಸಿಕೊಂಡು ಮಾತನಾಡಿಸಬೇಕೆಂಬುದು ಅದರ ಉದ್ದೇಶ. ಆದರೆ ವಿಶ್ವವಿದ್ಯಾಲಯದಲ್ಲಿ ಮಾತು ಶುರುವಾಗಬೇಕಾದ ಆ ಜಾಗದಲ್ಲಿ ವರದಿ ಶುರುವಾಗುತ್ತದೆ.

ಸಮೀಕ್ಷೆಗೆ ಆರಿಸಿಕೊಳ್ಳುವ ಕಾಲವಂತೂ ಮೆಚ್ಚತಕ್ಕದ್ದು. ಸೆಮಿಸ್ಟರ್ ಪರೀಕ್ಷೆಗೆ ಎರಡು ವಾರ ಉಳಿದಿರುವಾಗ, ಅಂದರೆ ಯಾರೂ ಸರಿಯಾಗಿ ನಿದ್ದೆ ಮಾಡದಿರುವ ಹೊತ್ತಿನಲ್ಲಿ, ಪ್ರಶ್ನಾವಳಿಯನ್ನು ಹಂಚಿ, ವಿದ್ಯಾರ್ಥಿಗಳಿಗೆ ನಿದ್ದೆ ಬರುತ್ತಿಲ್ಲವೆಂಬ ಸಂಗತಿಯನ್ನು ಸಮಿತಿಯು ಗಾಬರಿಯಿಂದ ಕಂಡುಹಿಡಿಯುತ್ತದೆ. ಕೂಡಲೇ ತಜ್ಞರೊಬ್ಬರನ್ನು ಕರೆಸಿ, ಸಭಾಂಗಣದಲ್ಲಿ ಎರಡು ತಾಸು ಉಪನ್ಯಾಸ ಕೊಡಿಸಲಾಗುತ್ತದೆ. ಪರೀಕ್ಷೆ ಮುಗಿದು ರಜೆಯೂ ಕಳೆದ ಮೇಲೆ ಅದೇ ಪ್ರಶ್ನೆಗಳನ್ನು ಮತ್ತೊಮ್ಮೆ ಕೇಳಿದಾಗ ಅಂಕಗಳು ಇಳಿದಿರುತ್ತವೆ. ಅದು ಉಪನ್ಯಾಸದ ಪ್ರಭಾವವೆಂದು ವಾರ್ಷಿಕ ವರದಿಯಲ್ಲಿ ದಾಖಲಾಗುತ್ತದೆ.

ನಮೂನೆಯ ನೆತ್ತಿಯ ಮೇಲೆ ಉತ್ತರಗಳನ್ನು ಗೋಪ್ಯವಾಗಿಡಲಾಗುವುದೆಂಬ ಭರವಸೆ ಇರುತ್ತದೆ. ಅದರ ಕೆಳಗಿನ ಸಾಲಿನಲ್ಲಿ ನೋಂದಣಿ ಸಂಖ್ಯೆ, ವಿಭಾಗ ಮತ್ತು ಮೊಬೈಲ್ ಸಂಖ್ಯೆಗಳು ಕಡ್ಡಾಯ. ಹತ್ತು ಹದಿನೈದು ವರ್ಷ ಪರೀಕ್ಷೆ ಬರೆದು, ಪರೀಕ್ಷಕರಿಗೆ ಯಾವ ಉತ್ತರ ಹಿಡಿಸುತ್ತದೆಂಬುದನ್ನು ಚೆನ್ನಾಗಿ ಅರಿತಿರುವ ವಿದ್ಯಾರ್ಥಿಗಳು ಇಂಥಲ್ಲಿ ಸಾಲಾಗಿ ಸೊನ್ನೆ ಸುತ್ತಿ ಹೊರಬೀಳುತ್ತಾರೆ. ಉತ್ತರಗಳಲ್ಲಿ ಇಷ್ಟೊಂದು ಹೊಂದಾಣಿಕೆ ಇರುವುದನ್ನು ಕಂಡ ಸಂಶೋಧಕರು, ಮನೋವಿಜ್ಞಾನಿ ಕ್ರೋನ್‌ಬ್ಯಾಕ್ 1951ರಲ್ಲಿ ವಿವರಿಸಿದ, ಪ್ರಶ್ನಾವಳಿಯ ಉತ್ತರಗಳು ಒಂದಕ್ಕೊಂದು ಎಷ್ಟು ಹೊಂದುತ್ತವೆಂದು ತೋರಿಸುವ ಆಲ್ಫಾ ಗುಣಾಂಕವು, ಸಾಮಾನ್ಯವಾಗಿ ಸಾಕೆನ್ನುವ 0.70ನ್ನು ದಾಟಿದೆಯೆಂದು ಸಂತೋಷಪಡುತ್ತಾರೆ.

ಇದು ಸಾಲದೆಂದು ಖಿನ್ನತೆ, ಆತಂಕ, ಒತ್ತಡ ಮೂರನ್ನೂ ಒಟ್ಟಿಗೆ ಅಳೆಯುವ ಡಾಸ್-21 ಕೂಡ ಬರುತ್ತದೆ. ಅದರ 21 ಪ್ರಶ್ನೆಗಳಿಂದ ಬಂದ ಅಂಕಗಳನ್ನು, 42 ಪ್ರಶ್ನೆಗಳ ಮೂಲ ಮಾಪನದೊಂದಿಗೆ ಹೋಲಿಸಲು ಸಾಧ್ಯವಾಗಲೆಂದು, ಎರಡರಿಂದ ಗುಣಿಸುವುದು ರೂಢಿ. ವಿಶ್ವವಿದ್ಯಾಲಯದಲ್ಲಿ ವಿದ್ಯಾರ್ಥಿಯ ಮಾತಿಗೆ ದುಪ್ಪಟ್ಟು ಬೆಲೆ ಸಿಗುವುದು ಬಹುಶಃ ಇದೊಂದೇ ಕಡೆ.

ನಗು ನಿಲ್ಲುವುದು ಪಿಎಚ್‌ಕ್ಯೂ-9ರ ಕೊನೆಯ ಪ್ರಶ್ನೆಯ ಬಳಿ. ಸತ್ತರೇ ಮೇಲೆಂದೋ, ತನಗೆ ತಾನೇ ಹಾನಿ ಮಾಡಿಕೊಳ್ಳಬೇಕೆಂದೋ ಅನ್ನಿಸಿತ್ತೇ ಎಂದು ಅದು ಕೇಳುತ್ತದೆ. ಅದಕ್ಕೆ ಮೂರು ಎಂದು ಗುರುತು ಹಾಕಿ ಉಳಿದೆಲ್ಲಕ್ಕೂ ಸೊನ್ನೆ ಕೊಟ್ಟ ವಿದ್ಯಾರ್ಥಿಯ ಮೊತ್ತ ಮೂರೇ ಆಗುತ್ತದೆ. ನಾಲ್ಕರವರೆಗಿನ ಮೊತ್ತವನ್ನು ತೀರಾ ಕನಿಷ್ಠವೆಂದು ಪರಿಗಣಿಸುವ ಕೋಷ್ಟಕದ ಲೆಕ್ಕದಲ್ಲಿ ಆ ವಿದ್ಯಾರ್ಥಿ ಕ್ಷೇಮ. ಆ ಪ್ರಶ್ನೆಗೆ ಸೊನ್ನೆಯಲ್ಲದ ಯಾವ ಉತ್ತರ ಬಂದರೂ ಮೊತ್ತವನ್ನು ಬದಿಗಿಟ್ಟು ಕೂಡಲೇ ವಿಚಾರಿಸಬೇಕೆಂಬುದು ಬಲ್ಲವರ ಮಾತು. ಆದರೆ ನಮೂನೆಗಳ ಕಟ್ಟನ್ನು ಬಿಚ್ಚುವುದು ವಿಶ್ಲೇಷಣೆಯ ಅಧ್ಯಾಯ ಬರೆಯುವಾಗ, ಹೆಚ್ಚೆಂದರೆ ವಿಚಾರ ಸಂಕಿರಣದ ದಿನಾಂಕ ಹತ್ತಿರವಾದಾಗ.

ಇಷ್ಟೆಲ್ಲ ಅಳೆದ ಮೇಲೆ ದುರ್ಬಲತೆ ಸಿಗುವುದು ಯಾವಾಗಲೂ ವಿದ್ಯಾರ್ಥಿಯ ಒಳಗೇ. ತಿಂಗಳುಗಟ್ಟಲೆ ಫಲಿತಾಂಶವನ್ನು ತಡೆದ ಪರೀಕ್ಷಾ ವಿಭಾಗಕ್ಕೆ, ಪ್ರಬಂಧದ ಕರಡನ್ನು ಓದದೆ ವರ್ಷ ತಳ್ಳಿದ ಮಾರ್ಗದರ್ಶಕರಿಗೆ, ಹಾಜರಾತಿ ಕಡಿಮೆಯಾಯಿತೆಂದು ಪರೀಕ್ಷೆಯ ಹಿಂದಿನ ದಿನ ಪ್ರವೇಶಪತ್ರ ನಿಲ್ಲಿಸಿದ ಕಚೇರಿಗೆ ಯಾರೂ ಸೊನ್ನೆಯಿಂದ ಮೂರರ ಮಾಪನ ಹಚ್ಚುವುದಿಲ್ಲ. ಹಾಗಾಗಿ ಶಿಫಾರಸು ಕೂಡ ಒಂದೇ: ವಿದ್ಯಾರ್ಥಿಗಳು ಸ್ಥೈರ್ಯ ಬೆಳೆಸಿಕೊಳ್ಳಬೇಕು, ಮತ್ತು ಬೆಳೆಸಿಕೊಂಡರೇ ಇಲ್ಲವೇ ಎಂದು ತಿಳಿಯಲು ಇನ್ನೂ ದೊಡ್ಡ ಸಮೀಕ್ಷೆ ನಡೆಸಬೇಕು.

ಈ ನಡುವೆ ಯಾರಿಗಾದರೂ ನಿಜವಾಗಿಯೂ ಮಾತನಾಡಬೇಕೆನಿಸಿದರೆ ಅದಕ್ಕೆ ಆಪ್ತಸಮಾಲೋಚಕರೊಬ್ಬರು ಇದ್ದಾರೆ. ಇಡೀ ವಿಶ್ವವಿದ್ಯಾಲಯಕ್ಕೆ ಇರುವವರು ಅವರೊಬ್ಬರೇ ಆದ್ದರಿಂದ, ಭರ್ತಿಯಾದ ನಮೂನೆಗಳ ಅಂಕಗಳನ್ನು ಕಂಪ್ಯೂಟರಿಗೆ ತುಂಬುವ ಕೆಲಸವನ್ನೂ ಅವರಿಗೇ ವಹಿಸಲಾಗಿದ್ದು, ಅದು ಮುಗಿಯುವವರೆಗೆ ಅವರು ಭೇಟಿಗೆ ಸಿಗುವುದಿಲ್ಲವೆಂದು ಸುತ್ತೋಲೆ ಹೊರಟಿದೆ.