ಬೋರ್ಡಿಗೆ ಅಂಟಿಸಿದರೆ ಕರೆದ ಹಾಗಾಯಿತೇ?

ದೀಪಾವಳಿಗೆ ಊರಿಗೆ ಬಂದಿದ್ದೆ. ಗೋಪೂಜೆ ಮುಗಿಸಿ ಊಟಕ್ಕೆ ಕೂತಾಗ ಅಕ್ಕನ ಮಗಳನ್ನು ಮುಂದೇನು ಅಂತ ಕೇಳಿದೆ. ಶಿವಮೊಗ್ಗದಲ್ಲಿ ಬಿಎಸ್ಸಿ ಕೊನೇ ವರ್ಷ, ಫಿಸಿಕ್ಸ್‌ನಲ್ಲಿ ಕ್ಲಾಸಿಗೇ ಮೊದಲು. 'ಬಿ.ಎಡ್ ಮಾಡ್ತೀನಿ ಮಾವ' ಅಂದಳು. ಮಾಡಲಿ, ಒಳ್ಳೆಯದೇ. ಆದರೂ ಜಾಮ್ ಪರೀಕ್ಷೆ ಬರೆಯಲ್ವಾ ಅಂದೆ. 'ಅದು ನಮ್ಮಂಥವರಿಗಲ್ಲ ಅಲ್ವಾ? ಇಂಜಿನಿಯರಿಂಗ್ ಅವರಿಗಲ್ವಾ?' ಅಂದಳು. ತುತ್ತು ಗಂಟಲಲ್ಲಿ ಇಳಿಯಲಿಲ್ಲ.

ಐಐಟಿಗಳಲ್ಲಿ ಎಂಎಸ್ಸಿಗೆ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಇಂಟಿಗ್ರೇಟೆಡ್ ಪಿಎಚ್‌ಡಿಗೆ ಸೇರಲು ಬರೆಯುವ ಪರೀಕ್ಷೆ ಅದು. ಅವಳಂಥ ಬಿಎಸ್ಸಿ ಮಕ್ಕಳಿಗಾಗಿಯೇ ಇರುವುದು. ಪರೀಕ್ಷೆ ಫೆಬ್ರವರಿಯಲ್ಲಿ, ಅರ್ಜಿ ಹಾಕುವುದು ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ. ನಾವು ಮಾತಾಡುವ ಹೊತ್ತಿಗೆ ತಾರೀಕು ಮುಗಿದಿತ್ತು.

ರಜೆ ಮುಗಿದ ಮೇಲೆ ಅವಳ ಕಾಲೇಜಿಗೇ ಹೋದೆ. ಜಾಮ್ ನೋಟಿಸ್ ಹಾಕಿದ್ದರು, ಇಲ್ಲ ಅನ್ನಲ್ಲ. ಬಸ್ ಪಾಸಿನ ಚೀಟಿ, ಫೀಸಿನ ಚೀಟಿಗಳ ಕೆಳಗೆ, ಸಣ್ಣ ಅಕ್ಷರದ ಇಂಗ್ಲಿಷ್‌ನಲ್ಲಿ. ಮಳೆಗಾಲದ ಥಂಡಿಗೆ ಹಾಳೆ ಮುದುರಿಕೊಂಡಿತ್ತು. 'ಹಾಕಿದೀವಲ್ಲ ಸಾರ್, ಯಾರೂ ಬರಲ್ಲ. ನಮ್ಮ ಮಕ್ಕಳಿಗೆ ಇಂಟರೆಸ್ಟೇ ಇಲ್ಲ' ಅಂದರು ಅಲ್ಲಿದ್ದ ಉಪನ್ಯಾಸಕರು.

ನಾನು ಅಮೆರಿಕದ ಒಂದು ಯೂನಿವರ್ಸಿಟಿ ಲ್ಯಾಬಿನಲ್ಲಿ ಕೆಲಸ ಮಾಡುವವನು. ಅಲ್ಲಿ ಮೆಕ್‌ನೇರ್ ಅಂತ ಒಂದು ಸರ್ಕಾರಿ ಕಾರ್ಯಕ್ರಮ ಇದೆ. 1986ರಲ್ಲಿ ಚಾಲೆಂಜರ್ ನೌಕೆ ಸಿಡಿದಾಗ ತೀರಿಕೊಂಡ ಗಗನಯಾತ್ರಿ, ಭೌತವಿಜ್ಞಾನಿ ರೊನಾಲ್ಡ್ ಮೆಕ್‌ನೇರ್ ಅವರ ಹೆಸರಿನದು. ಡಿಗ್ರಿ ಓದುವ ಮಕ್ಕಳನ್ನು ಪಿಎಚ್‌ಡಿಗೆ ತಯಾರು ಮಾಡುತ್ತಾರೆ. ಸೇರಿದವರಲ್ಲಿ ಮೂರರಲ್ಲಿ ಎರಡು ಪಾಲಾದರೂ ಅಪ್ಪ-ಅಮ್ಮ ಡಿಗ್ರಿ ಮುಗಿಸದ, ವರಮಾನ ಕಡಿಮೆ ಇರುವ ಮನೆಯವರೇ ಆಗಿರಬೇಕು ಅಂತ ನಿಯಮ.

ನಮ್ಮ ಯೂನಿವರ್ಸಿಟಿಯಲ್ಲಿ ಅದನ್ನು ನೋಡಿಕೊಳ್ಳುವ ಹೆಂಗಸು ಒಳ್ಳೆ ಮಾರ್ಕ್ಸ್ ಬಂದವರ ಪಟ್ಟಿ ಹಿಡಿದು ಒಬ್ಬೊಬ್ಬರಿಗೂ ಹೆಸರು ಹಾಕಿ ಬರೆಯುತ್ತಾರೆ. ಉತ್ತರ ಬರದಿದ್ದರೆ ಮತ್ತೆ ಬರೆಯುತ್ತಾರೆ. ಆಮೇಲೆ ಕ್ಲಾಸಿಗೇ ಹೋಗುತ್ತಾರೆ. ಒಂದು ದಿನ ನಮ್ಮ ಲ್ಯಾಬಿಗೂ ಬಂದು, ಮಾತು ಕಮ್ಮಿ, ಕೆಲಸ ಜಾಸ್ತಿ ಅನ್ನುವಂಥವರು ಯಾರಿದ್ದಾರೆ ಅಂತ ಕೇಳಿದರು. ಗಾಜಿನ ಸಾಮಾನು ತೊಳೆಯುತ್ತಿದ್ದ ಹುಡುಗಿಯನ್ನು ತೋರಿಸಿದೆವು. ಇದು ನನ್ನಂಥವರಿಗಲ್ಲ ಅಂದಳು ಅವಳೂ. ನಿನ್ನಂಥವರಿಗೇ ಅಂತ ಅಲ್ಲೇ ಕೂರಿಸಿ ಅರ್ಜಿ ತುಂಬಿಸಿದರು. ಆ ಬೇಸಿಗೆಯಲ್ಲಿ ಅವಳು ಸ್ಟೈಪೆಂಡ್ ತಗೊಂಡು, ಪ್ರೊಫೆಸರ್ ಒಬ್ಬರ ಕೈಕೆಳಗೆ ತನ್ನದೇ ಸಂಶೋಧನೆ ಮಾಡಿದಳು.

ಇಂಟರೆಸ್ಟ್ ಇಲ್ಲ ಅನ್ನುವ ಮಾತನ್ನು ಅದಕ್ಕೇ ನಾನು ಒಪ್ಪುವುದಿಲ್ಲ. ಹೊಸನಗರ, ಸೊರಬದ ಕಡೆಯಿಂದ ಬೆಳಗಿನ ಬಸ್ಸಲ್ಲಿ ನಿಂತುಕೊಂಡೇ ಬರುವ ಮಕ್ಕಳು ಇವರು. ಕೇಳಿಯೇ ಇಲ್ಲದ ವಿಷಯದ ಮೇಲೆ ಆಸಕ್ತಿ ಎಲ್ಲಿಂದ ಬರಬೇಕು? ಮದುವೆ ಕರೆಯಲು ನಾವು ಗುಡ್ಡ ಹತ್ತಿಳಿದು ಒಂಟಿ ಮನೆಗೂ ಹೋಗುತ್ತೇವೆ. ಕಾಗದ ಕೊಟ್ಟು ಬಾಯಲ್ಲೂ ಹೇಳದಿದ್ದರೆ ಅದು ಕರೆದ ಹಾಗಲ್ಲ ಅನ್ನುವವರು ನಾವು. ಓದಿನ ವಿಷಯಕ್ಕೆ ಮಾತ್ರ ಬೋರ್ಡಿಗೆ ಅಂಟಿಸಿ ಕೈ ತೊಳೆದುಕೊಳ್ಳುತ್ತೇವೆ. ದೇಶದ ಮೂರು ವಿಜ್ಞಾನ ಅಕಾಡೆಮಿಗಳು ಸೇರಿ ನಡೆಸುವ ಬೇಸಿಗೆ ಫೆಲೋಶಿಪ್ ಕೂಡ ಹೀಗೇ ಕೈತಪ್ಪುತ್ತದೆ. ಎರಡು ತಿಂಗಳು ದೊಡ್ಡ ಲ್ಯಾಬಿನಲ್ಲಿ ಕೆಲಸ, ಸ್ಟೈಪೆಂಡು, ರೈಲು ಚಾರ್ಜು. ಅದಕ್ಕೆ ಮೇಷ್ಟರ ಶಿಫಾರಸು ಪತ್ರ ಬೇಕು. ಯಾರು ಕೇಳಬೇಕು, ಯಾರು ಬರೆಯಬೇಕು?

ಒಪ್ಪಬೇಕಾದ ಮಾತೂ ಇದೆ. ಅಮೆರಿಕದಲ್ಲಿ ಈ ಕೆಲಸಕ್ಕೇ ಸಂಬಳ ಕೊಟ್ಟು ಜನ ಇಟ್ಟಿದ್ದಾರೆ. ನನ್ನ ಜೊತೆ ಮಾತಾಡಿದವರು ಅತಿಥಿ ಉಪನ್ಯಾಸಕರು. ಬೆಳಗ್ಗೆ ಈ ಕಾಲೇಜು, ಮಧ್ಯಾಹ್ನ ಇನ್ನೊಂದು. ಮುಂದಿನ ವರ್ಷ ಇರ್ತೀನೋ ಇಲ್ವೋ ಸಾರ್ ಅಂದರು. ಇನ್ನು ನನ್ನನ್ನೇ ಎಂಎಸ್ಸಿಗೆ ಕಳಿಸಿದ್ದು ಇದೇ ಊರಿನ ಮೇಷ್ಟರು. ಅಡಿಕೆ ಸುಲಿಯುವ ಕಾಲದಲ್ಲಿ ಮನೆಗೆ ಬಂದು, ಅಪ್ಪನ ಎದುರು ಕೂತು, ಇವನನ್ನು ಶಂಕರಘಟ್ಟದ ಕುವೆಂಪು ಯೂನಿವರ್ಸಿಟಿಗೆ ಕಳಿಸಲೇಬೇಕು ಅಂತ ಹಟ ಹಿಡಿದಿದ್ದರು. ಹಾಗೆ ಕರೆಯುವವರು ಈಗಲೂ ಅಲ್ಲಲ್ಲಿ ಇದ್ದಾರೆ ಅಂತ ಅಕ್ಕ ಹೇಳಿದಳು. ಇರಬಹುದು.

ಆದರೆ ಒಬ್ಬ ಮೇಷ್ಟರ ಒಳ್ಳೆತನ ನಂಬಿಕೊಂಡು ಎಷ್ಟು ಮಕ್ಕಳು ಕೂರಬೇಕು? ಜಾಮ್ ಅರ್ಜಿ ಶುರುವಾಗುವ ಮೊದಲು, ಆಗಸ್ಟ್‌ನಲ್ಲಿ ಒಂದು ಪೀರಿಯಡ್ ಇದಕ್ಕೆ ಬಿಡಿ. ಎರಡನೇ ವರ್ಷದವರನ್ನೂ ಕೂರಿಸಿ, ಕನ್ನಡದಲ್ಲಿ ಹೇಳಿ. ಮಾರ್ಕ್ಸ್ ಲಿಸ್ಟ್ ಹಿಡಿದು ಹೆಸರು ಕೂಗಿ. ಆ ಅತಿಥಿ ಉಪನ್ಯಾಸಕರಿಗೆ ಆ ಗಂಟೆಯ ದುಡ್ಡನ್ನೂ ಕೊಡಿ.