ಕತ್ತೂ ಕನ್ನಡಿಯೂ

ಹಳೇ ಗುಡಿ ನೋಡಲು ಹೊರಟವರು ಟೋಪಿ, ನೀರಿನ ಬಾಟಲಿ, ಚಿತ್ರಾನ್ನದ ಡಬ್ಬಿ ಎಲ್ಲ ಜ್ಞಾಪಕವಾಗಿ ಒಯ್ಯುತ್ತಾರೆ. ಕತ್ತನ್ನು ಮಾತ್ರ ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ತಿಪಟೂರು ತಾಲ್ಲೂಕಿನ ಅರಳಗುಪ್ಪೆಯ ಕಲ್ಲೇಶ್ವರನ ಗುಡಿಯ ನವರಂಗದಲ್ಲಿ, ಅಂದರೆ ಗರ್ಭಗುಡಿಯ ಮುಂದಿನ ಕಂಬಗಳ ಹಜಾರದಲ್ಲಿ, ಐದು ನಿಮಿಷ ತಲೆಯೆತ್ತಿ ನಿಂತರೆ ಅದು ತಾನಾಗಿಯೇ ನೆನಪು ಮಾಡುತ್ತದೆ. 9ನೇ ಶತಮಾನದ ನೊಳಂಬ ಅರಸರ ಕಾಲದ ಗುಡಿ. ಹೊರಗೆ ಸಪ್ಪೆ ಸಪ್ಪೆ. ಬೆಡಗೆಲ್ಲ ಮೇಲೆ, ಭುವನೇಶ್ವರಿ ಎನ್ನುವ ಕೆತ್ತನೆಯ ಚಾವಣಿಯಲ್ಲಿ: ನಡುವೆ ಕುಣಿಯುವ ಶಿವ, ಸುತ್ತ ಅಷ್ಟದಿಕ್ಪಾಲಕರು.

ಹಳ್ಳಿಗಳ ಗುಡಿಗಳಿಗೆ ಬೆಳಗಿನ ಪೂಜೆ ಮುಗಿದೊಡನೆ ಬೀಗ ಬೀಳುವುದುಂಟು. ಮೊದಲು ಅರ್ಚಕರ ಮನೆ ಕೇಳಿಕೊಳ್ಳಿ. ಒಳಗೆ ಹೋದವರು ಮಾಡುವ ಎಡವಟ್ಟು, ಬಿಸಿಲಿನಿಂದ ಬಂದವರೇ “ಏನೂ ಕಾಣ್ತಿಲ್ವಲ್ಲ” ಎಂದು ಮೊಬೈಲ್ ಟಾರ್ಚ್ ಹಾಕುವುದು. ಕಣ್ಣು ಕತ್ತಲಿಗೆ ಒಗ್ಗಲು ಹತ್ತು ನಿಮಿಷವಾದರೂ ಬೇಕು. ಸುಮ್ಮನೆ ಕಂಬಕ್ಕೊರಗಿ ಕೂರಿ. ಟಾರ್ಚ್ ಬೇಕೇ ಬೇಕೆಂದರೆ ನೆಟ್ಟಗೆ ಮೇಲಕ್ಕೆ ಬಿಡಬೇಡಿ. ಬೆಳಕು ಎದುರಿನಿಂದ ಬಿದ್ದರೆ ನೆರಳೇ ಇರದು, ನೆರಳಿಲ್ಲದ ಶಿವ ರೊಟ್ಟಿಯ ಹಾಗೆ ಚಪ್ಪಟೆ. ಜೊತೆಯವರನ್ನು ಮೂಲೆಗೆ ಕಳಿಸಿ ಓರೆಯಾಗಿ ಹಿಡಿಸಿದರೆ ಮಡಿಸಿದ ಮಂಡಿ, ಕೊರಳ ಹಾರ ಒಂದೊಂದೇ ಎದ್ದು ಬರುತ್ತವೆ.

ಕತ್ತಿಗೆ ಮದ್ದು ಒಂದಡಿ ಉದ್ದದ ಕನ್ನಡಿ. ಸೊಂಟದ ಮಟ್ಟಕ್ಕೆ ಹಿಡಿದು ಬಗ್ಗಿ ನೋಡಿದರೆ ಚಾವಣಿ ಕೈಗೇ ಇಳಿದಂತೆ. ಆದರೆ ಕನ್ನಡಿಯಲ್ಲಿ ಎಡ ಬಲವಾಗುತ್ತದೆ. ಯಾವ ಕೈಯಲ್ಲಿ ಯಾವ ಆಯುಧ ಎಂಬ ಜಗಳ ಬಂದರೆ ಕತ್ತೆತ್ತಿಯೇ ತೀರ್ಮಾನಿಸಬೇಕು. ದಿಕ್ಪಾಲಕರನ್ನು ಗುರುತಿಸಲು ಮುಖ ನೋಡಬೇಡಿ, ವಾಹನ ನೋಡಿ: ಆನೆಯಿದ್ದರೆ ಇಂದ್ರ, ಟಗರಿದ್ದರೆ ಅಗ್ನಿ, ಕೋಣವಿದ್ದರೆ ಯಮ, ಮಕರವಿದ್ದರೆ ವರುಣ. ಇಂದ್ರ ಸಿಕ್ಕನೆಂದರೆ ಪೂರ್ವ ಸಿಕ್ಕಂತೆ, ಉಳಿದವರು ಸರದಿಯಲ್ಲಿ ಬರುತ್ತಾರೆ.

ಮುಟ್ಟಿ ನೋಡುವ ಚಪಲ ಬೇಡ. ಬೆವರಿನ ಜಿಡ್ಡಿಗೆ ಧೂಳು ಮೆತ್ತಿ, ಉಳಿಯ ಗೆರೆ ಮುಚ್ಚಿಹೋಗುತ್ತದೆ. ಭಕ್ತಿಯಿಂದ ಮೆತ್ತುವ ಕುಂಕುಮ, ಎಣ್ಣೆಯ ಕಥೆಯೂ ಅದೇ.

ಅದೇ ಊರಿನ ಚೆನ್ನಕೇಶವ ಗುಡಿ 13ನೇ ಶತಮಾನದ ಹೊಯ್ಸಳರದು, ಬಳಪದ ಕಲ್ಲಿನದು. ಗಣಿಯಿಂದ ತೆಗೆದಾಗ ಮೆತ್ತಗಿರುವ ಕಲ್ಲು. ಅದಕ್ಕೇ ಬಳೆಯ ಗೆರೆಯನ್ನೂ ಬಿಡದೆ ಕೊರೆದಿದ್ದಾರೆ. ಹೊನೋಜನೆಂಬ ಶಿಲ್ಪಿ ತನ್ನ ಹೆಸರನ್ನೂ ಕೆತ್ತಿಟ್ಟಿದ್ದಾನೆ. ಇಲ್ಲಿ ದೇವರುಗಳು ಹೊರಗೋಡೆಯ ಮೇಲೇ ನಿಂತಿರುವುದರಿಂದ ಕತ್ತಿಗೆ ರಜೆ. ಆದರೆ ಆನೆಗಳ ಸಾಲು ತೀರಾ ಕೆಳಗೆ. ಅವುಗಳ ಸೊಂಡಿಲು ನೋಡಲು ಕುಕ್ಕರುಗಾಲಲ್ಲಿ ಕೂತು, ಗುಡಿ ಸುತ್ತ ಸರಿಯುತ್ತಾ ಹೋಗಬೇಕು. ಈಗ ಮಂಡಿಯ ಸರದಿ.