ದಾಕ್ಷಿಣ್ಯಕ್ಕೆ ಪಾಲಿಸಿ ಮಾಡಿಸಬೇಡಿ

ದಾವಣಗೆರೆಯಲ್ಲಿ ಇನ್‌ಕಮ್ ಟ್ಯಾಕ್ಸ್ ರಿಟರ್ನ್ ತುಂಬಿಕೊಡುವ ಕೆಲಸ ನನ್ನದು. ಫೆಬ್ರವರಿ, ಮಾರ್ಚ್ ಬಂತು ಅಂದರೆ ಬಹಳ ಜನ ಕೇಳುತ್ತಿದ್ದ ಪ್ರಶ್ನೆ ಒಂದೇ. "ಸರ್, 80ಸಿಗೆ ಇನ್ನೂ ಎಷ್ಟು ಹಾಕಬೇಕು?" 80ಸಿ ಅಂದರೆ ಜೀವ ವಿಮೆಯ ಕಂತು, ಉಳಿತಾಯ ತೋರಿಸಿ ತೆರಿಗೆ ಕಡಿಮೆ ಮಾಡಿಕೊಳ್ಳುವ ಕಲಂ. ನಾನು ಒಂದು ಮೊತ್ತ ಹೇಳುತ್ತಿದ್ದೆ. ಮನೆಯಲ್ಲಿ ಚಿಕ್ಕಪ್ಪನೋ ಭಾವನೋ ಒಬ್ಬರು ಏಜೆಂಟ್ ಇದ್ದೇ ಇರುತ್ತಾರಲ್ಲ, ಅವರಿಗೆ ಫೋನ್ ಹೋಗುತ್ತಿತ್ತು. ವಾರದೊಳಗೆ ಇನ್ನೊಂದು ಪಾಲಿಸಿ. ಯಾವ ಪಾಲಿಸಿ, ಎಷ್ಟು ವರ್ಷ, ಯಾರಿಗೋಸ್ಕರ ಅಂತ ಕೇಳಿದವರು ಕಡಿಮೆ.

ಈಗ ಆ ಕಾರಣವೇ ಹೆಚ್ಚುಕಡಿಮೆ ಹೋಗಿದೆ. ಹೊಸ ತೆರಿಗೆ ಪದ್ಧತಿಯಲ್ಲಿ 80ಸಿ ಇಲ್ಲ, ಆರೋಗ್ಯ ವಿಮೆಗೆ ಅದೇ ತರಹ ಇರುವ 80ಡಿಯೂ ಇಲ್ಲ. 2025-26ರಿಂದ ಸಂಬಳದವರಿಗೆ 12.75 ಲಕ್ಷದವರೆಗೆ ತೆರಿಗೆಯೂ ಬರುವುದಿಲ್ಲ. "ಹಾಗಾದ್ರೆ ಇನ್ಶೂರೆನ್ಸ್ ಯಾಕೆ ಬೇಕು ಸರ್?" ಅಂತ ಮೊನ್ನೆ ಒಬ್ಬ ಹುಡುಗ ಕೇಳಿದ. ನನಗೆ ನಿಜಕ್ಕೂ ಖುಷಿಯಾಯಿತು. ಮೊದಲೇ ಕೇಳಬೇಕಾಗಿದ್ದ ಪ್ರಶ್ನೆ ಅದು. ನಾಳೆ ನನ್ನ ಸಂಬಳ ನಿಂತರೆ ಈ ಮನೆ ಹೇಗೆ ನಡೆಯುತ್ತದೆ? ಇನ್ಶೂರೆನ್ಸ್ ಬೇಕಾಗಿರುವುದು ಈ ಒಂದು ಪ್ರಶ್ನೆಗೆ ಉತ್ತರ ಕೊಡುವುದಕ್ಕೆ.

ಒಂದು ಸಂಸಾರದ ಲೆಕ್ಕ ಹೇಳುತ್ತೇನೆ. ಗಂಡ ಖಾಸಗಿ ಕಂಪನಿಯಲ್ಲಿ ಸೂಪರ್‌ವೈಸರ್, ಹೃದಯಾಘಾತದಿಂದ ತೀರಿಕೊಂಡರು. ಹದಿನೈದು ದಿನ ಕಳೆದ ಮೇಲೆ ಹೆಂಡತಿ, ಅಣ್ಣನ ಜೊತೆ ನನ್ನ ಆಫೀಸಿಗೆ ಬಂದರು. ಬಟ್ಟೆ ಅಂಗಡಿಯ ಹಳೆ ಕವರಿನಲ್ಲಿ ಐದು ಪಾಲಿಸಿ ಬಾಂಡ್. ಒಂದೊಂದನ್ನೂ ಜೋಪಾನವಾಗಿ ಮಡಚಿ ಇಟ್ಟಿದ್ದರು. ಕಟ್ಟಿದ ರಸೀದಿಗಳನ್ನು ಹಿಂದೆ ಪಿನ್ ಮಾಡಿದ್ದರು. ವರ್ಷಕ್ಕೆ ಒಟ್ಟು 68,000 ರೂಪಾಯಿ ಕಂತು. ಒಂದು ಸಲವೂ ತಪ್ಪಿಸಿರಲಿಲ್ಲ. ಅಷ್ಟು ಶಿಸ್ತಿನ ಮನುಷ್ಯ. ಐದೂ ಪಾಲಿಸಿ ಎಂಡೋಮೆಂಟ್, ಮನಿ ಬ್ಯಾಕ್ ತರಹದವು, ಅಂದರೆ ವಿಮೆ ಜೊತೆ ಉಳಿತಾಯವೂ ಸೇರಿ, ಬದುಕಿದ್ದರೂ ದುಡ್ಡು ವಾಪಸ್ ಕೊಡುವಂಥವು. ಬೋನಸ್ ಎಲ್ಲಾ ಸೇರಿಸಿ ಬರುವುದು 10 ಲಕ್ಷದ ಹತ್ತಿರ. ಮನೆ ಸಾಲವೇ 22 ಲಕ್ಷ ಬಾಕಿ ಇತ್ತು.

ಸಾಲದ ಮಾತು ಬಿಡಿ. ಆ 10 ಲಕ್ಷವನ್ನು ಹಾಗೇ ಬ್ಯಾಂಕಿನಲ್ಲಿಟ್ಟು 7 ಪರ್ಸೆಂಟ್ ಬಡ್ಡಿ ಬಂದರೂ ತಿಂಗಳಿಗೆ 5,800 ರೂಪಾಯಿ. ಆ ಮನೆಯ ಖರ್ಚು ಸಾಲದ ಕಂತು ಬಿಟ್ಟೇ 35,000. ಇಬ್ಬರು ಮಕ್ಕಳು ಓದುತ್ತಿದ್ದಾರೆ. ಆ ತಾಯಿ ಲೆಕ್ಕ ಕೇಳಿಸಿಕೊಂಡು, "ಇಷ್ಟೊಂದು ಕಟ್ತಿದ್ರಲ್ಲ ಸರ್" ಅಂದರು.

ಸ್ವಲ್ಪ ಸಮಾಧಾನ ಆಗಿದ್ದು ಬೇರೆ ಕಡೆಯಿಂದ. ಅವರ ಸಂಬಳದ ಚೀಟಿಯಲ್ಲಿ ಪಿಎಫ್ ಕಡಿತ ಇತ್ತು. ಪಿಎಫ್ ಇರುವ ನೌಕರ ಕೆಲಸದಲ್ಲಿದ್ದಾಗಲೇ ತೀರಿಕೊಂಡರೆ ಇಡಿಎಲ್‌ಐ ಅಂತ ಒಂದು ವಿಮೆ ಇದೆ, 7 ಲಕ್ಷದವರೆಗೆ ಬರುತ್ತದೆ. ಇದಕ್ಕೆ ನೌಕರ ಒಂದು ಪೈಸೆ ಕಟ್ಟಬೇಕಿಲ್ಲ, ಕಂಪನಿಯೇ ಕಟ್ಟುತ್ತದೆ. ಮನೆಯವರಿಗೆ ಅದರ ಹೆಸರೇ ಗೊತ್ತಿರಲಿಲ್ಲ. ನಿಮ್ಮ ಮನೆಯಲ್ಲಿ ಗೊತ್ತಾ? ಪಿಎಫ್ ವೆಬ್‌ಸೈಟಿನಲ್ಲಿ ನಾಮಿನೇಷನ್ ಮಾಡಿದ್ದೀರಾ? ಮದುವೆಗೆ ಮುಂಚೆ ಮಾಡಿದ್ದು ಮದುವೆಯಾದ ಮೇಲೆ ನಡೆಯುವುದಿಲ್ಲ, ಹೊಸದಾಗಿ ಮಾಡಬೇಕು.

ಈಗ ಅದೇ ಮನೆಗೆ ನಿಜಕ್ಕೂ ಎಷ್ಟು ಬೇಕಿತ್ತು ನೋಡೋಣ. ತಿಂಗಳಿಗೆ 35,000 ಅಂದರೆ ವರ್ಷಕ್ಕೆ 4.2 ಲಕ್ಷ. 7 ಪರ್ಸೆಂಟ್ ಬಡ್ಡಿಯಲ್ಲಿ ಅಷ್ಟು ಬರಬೇಕಾದರೆ 60 ಲಕ್ಷ ಇಡಬೇಕು. ಸಾಲದ 22 ಲಕ್ಷ ಸೇರಿಸಿ, 82. ಬೆಲೆ ಏರುತ್ತಾ ಹೋಗುತ್ತದೆ, ಮಕ್ಕಳ ಕಾಲೇಜು ಇದೆ. ಒಂದು ಕೋಟಿ ಅಂದರೆ ಜಾಸ್ತಿ ಏನಲ್ಲ. ಆರೋಗ್ಯವಾಗಿರುವ, ಸಿಗರೇಟು ಸೇದದ, ಮೂವತ್ತರ ಆಸುಪಾಸಿನ ಒಬ್ಬರಿಗೆ ಒಂದು ಕೋಟಿಯ ಟರ್ಮ್ ಪಾಲಿಸಿಗೆ (ಅವಧಿಯೊಳಗೆ ತೀರಿಕೊಂಡರೆ ಮಾತ್ರ ದುಡ್ಡು ಬರುವ ವಿಮೆ) ವರ್ಷಕ್ಕೆ 10ರಿಂದ 15 ಸಾವಿರದ ಆಜುಬಾಜು. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಜೀವ ವಿಮೆ, ಆರೋಗ್ಯ ವಿಮೆಗಳ ಮೇಲಿನ 18 ಪರ್ಸೆಂಟ್ ಜಿಎಸ್‌ಟಿಯನ್ನೂ ತೆಗೆದಿದ್ದಾರೆ. ಅವರು ಕಟ್ಟುತ್ತಿದ್ದ 68,000ದಲ್ಲಿ ಒಂದು ಪಾಲು ಸಾಕಿತ್ತು. ಉಳಿದದ್ದನ್ನು ಪಿಪಿಎಫ್‌ಗೋ ಆರ್‌ಡಿಗೋ ಹಾಕಬಹುದಿತ್ತು.

"ಆದ್ರೆ ಟರ್ಮ್‌ನಲ್ಲಿ ದುಡ್ಡು ವಾಪಸ್ ಬರಲ್ವಲ್ಲ ಸರ್" ಅನ್ನುತ್ತಾರೆ. ಹೌದು, ಬರುವುದಿಲ್ಲ. ಬೈಕಿನ ಇನ್ಶೂರೆನ್ಸ್ ಕಟ್ಟಿ, ವರ್ಷ ಪೂರ್ತಿ ಆಕ್ಸಿಡೆಂಟ್ ಆಗಲಿಲ್ಲ, ದುಡ್ಡು ವಾಪಸ್ ಕೊಡಿ ಅಂತ ಯಾರಾದರೂ ಕೇಳುತ್ತೇವಾ? ಮನೆ ನಡೆಸುವವರ ವಿಷಯ ಬಂದಾಗ ಮಾತ್ರ ಯಾಕೆ ವಾಪಸ್ ಬರಬೇಕು ಅನಿಸುತ್ತದೆ? ವಾಪಸ್ ಕೊಡುವ ಪಾಲಿಸಿಯಲ್ಲಿ ಕಂತಿನ ಬಹುಪಾಲು ಆ ವಾಪಸ್ ಕೊಡುವುದಕ್ಕೇ ಹೋಗುತ್ತದೆ. ರಕ್ಷಣೆಗೆ ಉಳಿಯುವುದು ಚೂರು.

ಹಳೆ ಪಾಲಿಸಿ ಇರುವವರು ಇದನ್ನು ಓದಿ ನಾಳೆಯೇ ಹೋಗಿ ಸರೆಂಡರ್ ಮಾಡಬೇಡಿ, ಅಂದರೆ ಅವಧಿಗೆ ಮುಂಚೆ ಮುರಿಸಬೇಡಿ. ಮೊದಲು ಟರ್ಮ್ ಪಾಲಿಸಿ ಕೈಗೆ ಬರಲಿ. ಆಮೇಲೆ ಸರೆಂಡರ್ ಮಾಡಿದರೆ ಎಷ್ಟು, ಕಂತು ನಿಲ್ಲಿಸಿ, ಕಡಿಮೆ ಮೊತ್ತಕ್ಕೆ ಪಾಲಿಸಿ ಉಳಿಸಿಕೊಂಡು ಪೇಯ್ಡ್-ಅಪ್ ಮಾಡಿದರೆ ಎಷ್ಟು ಅಂತ ಬರವಣಿಗೆಯಲ್ಲಿ ಕೇಳಿ ತಗೊಳ್ಳಿ. ಮುಗಿಯಲು ಎರಡು ಮೂರು ವರ್ಷ ಇದ್ದರೆ ಮುಂದುವರಿಸುವುದೇ ವಾಸಿ.

ವ್ಯಾಪಾರಸ್ಥರಿಗೆ ಒಂದು ಮಾತು. ಚೌಕಿಪೇಟೆಯಲ್ಲಿ ಅಂಗಡಿ ಇಟ್ಟವರು, ಕೈಸಾಲ, ಬ್ಯಾಂಕ್ ಸಾಲ ಎರಡೂ ಇರುವವರು ಟರ್ಮ್ ಪಾಲಿಸಿ ಮಾಡಿಸುವಾಗಲೇ ಎಂಡಬ್ಲ್ಯೂಪಿ, ಅಂದರೆ ವಿವಾಹಿತ ಮಹಿಳೆಯರ ಆಸ್ತಿ ಕಾಯ್ದೆಯಡಿ ಬೇಕು ಅಂತ ಹೇಳಿ. 1874ರ ಕಾಯ್ದೆ ಅದು. ಗಂಡ ತನ್ನ ಜೀವದ ಮೇಲೆ ಹೆಂಡತಿ ಮಕ್ಕಳಿಗಾಗಿ ಹಾಗೆ ಪಾಲಿಸಿ ಮಾಡಿಸಿದರೆ ಆ ದುಡ್ಡು ಅವರದ್ದೇ. ಸಾಲ ಕೊಟ್ಟವರು ಕೈ ಹಾಕುವಂತಿಲ್ಲ. ಇದಕ್ಕೆ ಬೇರೆ ಖರ್ಚಿಲ್ಲ, ಒಂದು ಫಾರಂ ಅಷ್ಟೇ. ಆದರೆ ಪಾಲಿಸಿ ಬಂದ ಮೇಲೆ ಸೇರಿಸೋಕೆ ಆಗುವುದಿಲ್ಲ.

ಆರೋಗ್ಯ ವಿಮೆಗೆ ಬರುತ್ತೇನೆ. ಜನ ಜಾಸ್ತಿ ಮೋಸ ಹೋದೆವು ಅಂತ ಬಯ್ಯುವುದು ಇದಕ್ಕೇ. ಬಹಳ ಸಲ ಕಾರಣ ಪಾಲಿಸಿಯ ಒಂದು ಸಾಲಿನಲ್ಲಿರುತ್ತದೆ: ರೂಮ್ ಬಾಡಿಗೆ ಮಿತಿ. 5 ಲಕ್ಷದ ಪಾಲಿಸಿ, ರೂಮಿಗೆ 1 ಪರ್ಸೆಂಟ್, ಅಂದರೆ ದಿನಕ್ಕೆ 5,000. ಮನೆಯವರು 10,000 ರೂಪಾಯಿಯ ರೂಮ್ ತಗೊಂಡರು, ಐದು ದಿನ. ಮೇಲಿನ 25,000 ನಾವು ಕೊಟ್ಟರಾಯಿತು ಅಂದುಕೊಂಡರು. ಆದರೆ ರೂಮ್ ಎರಡು ಪಟ್ಟು ದುಬಾರಿ ಆಗಿದ್ದಕ್ಕೆ ಡಾಕ್ಟರ್ ಫೀಸು, ಆಪರೇಷನ್ ಥಿಯೇಟರ್, ನರ್ಸಿಂಗ್ ಎಲ್ಲವನ್ನೂ ವಿಮೆಯವರು ಅರ್ಧಕ್ಕೆ ಇಳಿಸುತ್ತಾರೆ. ಅದೇ ಒಂದೂವರೆ ಲಕ್ಷ ಇದ್ದರೆ 75,000 ಕೈಯಿಂದ ಹೋಯಿತು. ಔಷಧಿ, ಟೆಸ್ಟ್‌ಗಳಿಗೆ ಈ ಕಡಿತ ಇಲ್ಲ. ಅಂತೂ 3 ಲಕ್ಷದ ಬಿಲ್ಲಿನಲ್ಲಿ 1 ಲಕ್ಷ ನಿಮ್ಮದು. ಹಾಗಾಗಿ ರೂಮ್ ಮಿತಿ ಇಲ್ಲದ ಪಾಲಿಸಿಗೆ ಸ್ವಲ್ಪ ಹೆಚ್ಚು ಕೊಟ್ಟರೂ ಪರವಾಗಿಲ್ಲ. ಇರುವ ಪಾಲಿಸಿಯಲ್ಲಿ ಮಿತಿ ಇದ್ದರೆ, ಅಡ್ಮಿಟ್ ಮಾಡುವ ಹೊತ್ತಿಗೆ ಆ ಅಂಕಿ ಮನೆಯವರ ಬಾಯಲ್ಲಿರಬೇಕು.

ಇನ್ನೊಂದು, ಫಾರಂ ತುಂಬುವುದು. ಇದರ ಬಗ್ಗೆ ಎಷ್ಟು ಹೇಳಿದರೂ ಸಾಲದು. "ಶುಗರ್ ಇದೆ ಅಂತ ಬರೆದ್ರೆ ಪ್ರೀಮಿಯಂ ಜಾಸ್ತಿ ಆಗುತ್ತೆ, ಬಿಡಿ ಸರ್" ಅನ್ನುವ ಏಜೆಂಟ್‌ಗಳಿದ್ದಾರೆ. ನಾವು ಓಟಿಪಿ ಹೇಳಿ ಸುಮ್ನಾಗುತ್ತೇವೆ. ಎರಡು ವರ್ಷದ ಮೇಲೆ ಆಸ್ಪತ್ರೆಗೆ ಸೇರಿದಾಗ ಡ್ಯೂಟಿ ಡಾಕ್ಟರ್ ಕೇಳುತ್ತಾರೆ, "ಶುಗರ್ ಎಷ್ಟು ವರ್ಷದಿಂದ ಇದೆ ಅಮ್ಮಾ?" ಆ ತಾಯಿ ಇದ್ದದ್ದು ಇದ್ದ ಹಾಗೆ "ಎಂಟು ವರ್ಷದಿಂದ" ಅನ್ನುತ್ತಾರೆ. ಡಾಕ್ಟರ್ ಬರೆದುಕೊಳ್ಳುತ್ತಾರೆ. ಅದೇ ಒಂದು ಸಾಲು ಡಿಸ್ಚಾರ್ಜ್ ಸಮ್ಮರಿಗೆ ಬರುತ್ತದೆ, ಅದೇ ಸಾಲಿನ ಮೇಲೆ ಕ್ಲೈಮ್ ತಿರಸ್ಕಾರ ಆಗುತ್ತದೆ. ಫಾರಂ ಮೇಲೆ ಸಹಿ ನಿಮ್ಮದು. ಏಜೆಂಟ್ ಅಷ್ಟು ಹೊತ್ತಿಗೆ ಫೋನ್ ಎತ್ತುವುದಿಲ್ಲ.

ಇರುವ ಕಾಯಿಲೆ ಹೇಳಿದರೆ ಪಾಲಿಸಿ ಕೊಡಲ್ಲ ಅಂತೇನಿಲ್ಲ. ಆ ಕಾಯಿಲೆಯ ಖರ್ಚು ಸಿಗಲು ಕಾಯಬೇಕಾದ ಅವಧಿ ಇರುತ್ತದೆ, 2024ರ ನಿಯಮದ ಪ್ರಕಾರ ಹೆಚ್ಚೆಂದರೆ 36 ತಿಂಗಳು. ಐದು ವರ್ಷ ಬಿಡದೆ ಪಾಲಿಸಿ ನಡೆಸಿದ ಮೇಲೆ ವಂಚನೆ ಅಂತ ಸಾಬೀತು ಮಾಡದೆ, ಹೇಳಿರಲಿಲ್ಲ ಅನ್ನುವ ಕಾರಣ ಕೊಟ್ಟು ಕ್ಲೈಮ್ ನಿರಾಕರಿಸುವಂತಿಲ್ಲ. ಅದಕ್ಕೇ ನಾನು ವಯಸ್ಸಿನ ಹುಡುಗರಿಗೆ ಹೇಳುವುದು, ಕಂಪನಿಯ ವಿಮೆ ಇದೆ ಅಂತ ನಿಶ್ಚಿಂತೆಯಿಂದ ಇರಬೇಡಿ. ಬೆಂಗಳೂರಿನಲ್ಲಿ ಕೆಲಸ ಹೋದ ದಿನವೇ ಆ ವಿಮೆಯೂ ಹೋಗುತ್ತದೆ. ಆಗ ನಲವತ್ತೈದರ ವಯಸ್ಸು, ಬಿಪಿ, ಅಪ್ಪ ಅಮ್ಮನ ಜವಾಬ್ದಾರಿ ಎಲ್ಲ ಹೊತ್ತುಕೊಂಡು ಹೊಸ ಪಾಲಿಸಿ ಹುಡುಕಬೇಕು. ಆರೋಗ್ಯವಾಗಿರುವಾಗಲೇ ಸ್ವಂತಕ್ಕೆ ಒಂದು ಇರಲಿ.

ಅಪ್ಪ ಅಮ್ಮನಿಗೆ 70 ತುಂಬಿದ್ದರೆ ಕೇಂದ್ರದ ಆಯುಷ್ಮಾನ್ ವಯ ವಂದನ ಕಾರ್ಡ್ ನಮ್ಮ ಕಡೆಯ ಆಸ್ಪತ್ರೆಗಳಲ್ಲಿ ನಡೆಯುತ್ತದಾ ಅಂತ ವಿಚಾರಿಸಿ. ಆ ಯೋಜನೆಯಲ್ಲಿ ಆದಾಯ ಎಷ್ಟಿದ್ದರೂ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಇದೆ. ಸೊಸೈಟಿ ಸದಸ್ಯರಾದ ರೈತರು ಯಶಸ್ವಿನಿ ನೋಂದಣಿ ಶುರುವಾದಾಗ ತಪ್ಪಿಸಿಕೊಳ್ಳಬೇಡಿ. 2018ರಲ್ಲಿ ನಿಂತಿದ್ದ ಯೋಜನೆ ಮತ್ತೆ ಬಂದಿದೆ. ಸಂಬಳ 21,000ದೊಳಗೆ ಇದ್ದು ನೌಕರರ ರಾಜ್ಯ ವಿಮೆ, ಅಂದರೆ ಇಎಸ್‌ಐ ಕಡಿತ ಆಗುತ್ತಿದ್ದರೆ ಆ ಕಾರ್ಡನ್ನು ಬಳಸಿ, ದುಡಿಯಲಾಗದೆ ಮಲಗಿದ ದಿನಗಳಿಗೂ ಅದರಲ್ಲಿ ಭತ್ಯೆ ಸಿಗುತ್ತದೆ.

ಆ ಮಲಗಿದ ದಿನಗಳ ಬಗ್ಗೆ ಯಾರೂ ಯೋಚಿಸುವುದಿಲ್ಲ. ಸತ್ತರೆ ಟರ್ಮ್, ಆಸ್ಪತ್ರೆಗೆ ಆರೋಗ್ಯ ವಿಮೆ. ಕಾಲು ಮುರಿದು ಆರು ತಿಂಗಳು ಮನೆಯಲ್ಲಿದ್ದರೆ? ಎಲೆಕ್ಟ್ರಿಷಿಯನ್, ಡ್ರೈವರ್, ಟೈಲರ್, ಇವರಿಗೆ ರಜೆಯ ಸಂಬಳ ಯಾರು ಕೊಡುತ್ತಾರೆ? ಅದಕ್ಕಿರುವುದು ವೈಯಕ್ತಿಕ ಅಪಘಾತ ವಿಮೆ. ತಾತ್ಕಾಲಿಕವಾಗಿ ದುಡಿಯಲಾಗದಿದ್ದಾಗ ವಾರಕ್ಕೆ ಇಷ್ಟು ಅಂತ ಕೊಡುವ ಭಾಗ ಅದರಲ್ಲಿ ಇದೆಯಾ ಅಂತ ಕೇಳಿ ಸೇರಿಸಿಕೊಳ್ಳಿ. ಏನೂ ಇಲ್ಲದವರು ಕನಿಷ್ಠ ಬ್ಯಾಂಕಿಗೆ ಹೋಗಿ ವರ್ಷಕ್ಕೆ 20 ರೂಪಾಯಿಯ ಸುರಕ್ಷಾ ಬಿಮಾ, 436 ರೂಪಾಯಿಯ ಜೀವನ್ ಜ್ಯೋತಿ ಬಿಮಾ ಮಾಡಿಸಿ. ಒಂದು ಅಪಘಾತಕ್ಕೆ, ಇನ್ನೊಂದು ಯಾವುದೇ ಕಾರಣದ ಸಾವಿಗೆ, ತಲಾ 2 ಲಕ್ಷ. ಹೆಂಡತಿಯ ಹೆಸರಿನಲ್ಲೂ ಮಾಡಿಸಿ. ಮನೆಯಲ್ಲಿರುವ ಹೆಣ್ಣುಮಗಳು ಹೋದರೆ ಮನೆಗೆ ನಷ್ಟವಿಲ್ಲ ಅಂದುಕೊಂಡಿರುವುದು ದೊಡ್ಡ ತಪ್ಪು. ಜೀವನ್ ಜ್ಯೋತಿಗೆ 50 ವರ್ಷದೊಳಗೆ ಸೇರಬೇಕು. ಮೇ ಕೊನೆಯಲ್ಲಿ ಖಾತೆಯಲ್ಲಿ ದುಡ್ಡಿಲ್ಲದೆ ಈ ವಿಮೆ ನಿಂತುಹೋಗುತ್ತದೆ, ಅದೊಂದು ನೋಡಿಕೊಳ್ಳಿ.

ಬೈಕ್ ಇರುವವರೂ ಗಮನಿಸಿ. ಗಾಡಿಯ ಮಾಲೀಕನೇ ಓಡಿಸುವಾಗ ಅಪಘಾತದಲ್ಲಿ ತೀರಿಕೊಂಡರೆ 15 ಲಕ್ಷದ ವಿಮೆ ಇದೆ, ಲೈಸೆನ್ಸ್ ಚಾಲ್ತಿಯಲ್ಲಿರಬೇಕು. ಹೊಸ ಬೈಕಿಗೆ ಐದು ವರ್ಷದ ಥರ್ಡ್ ಪಾರ್ಟಿ ಇದೆ ಅಂತ ನಂಬಿಕೊಂಡಿರುತ್ತೇವೆ. ಆದರೆ ಈ 15 ಲಕ್ಷದ ಭಾಗವನ್ನು ಎಷ್ಟೋ ಸಲ ಒಂದೇ ವರ್ಷಕ್ಕೆ ಕಟ್ಟಿರುತ್ತಾರೆ. ಇವತ್ತೇ ಸೀಟಿನ ಕೆಳಗಿನ ಕಾಗದ ತೆಗೆದು ನೋಡಿ.

ಭಾವನಿಗೆ ಬೇಸರ ಆಗುತ್ತೆ, ಮ್ಯಾನೇಜರ್ ಲೋನ್ ಕೊಟ್ಟಿದ್ದಾರೆ, ಇಲ್ಲ ಅನ್ನೋಕೆ ಆಗಲ್ಲ ಅಂತ ಸಹಿ ಹಾಕಿಬಿಡುತ್ತೇವೆ. ದಾಕ್ಷಿಣ್ಯಕ್ಕೆ ಬಸುರಾದರೆ ಹೆರೋಕೆ ಜಾಗ ಇಲ್ಲ ಅಂತ ಹಿರಿಯರು ಸುಮ್ನೆ ಹೇಳಲಿಲ್ಲ. ಲೋನಿಗೆ ಅದೇ ಬ್ಯಾಂಕಿನ ಪಾಲಿಸಿಯೇ ಆಗಬೇಕು ಅನ್ನುವ ನಿಯಮ ಇಲ್ಲ. ಸಹಿ ಹಾಕಿ ಆಗಿದ್ದರೂ ಪಾಲಿಸಿ ಕೈಗೆ ಬಂದ ದಿನದಿಂದ 30 ದಿನದೊಳಗೆ ಬೇಡ ಅಂತ ವಾಪಸ್ ಕೊಡಬಹುದು. ಸಣ್ಣಪುಟ್ಟ ಕಡಿತ ಬಿಟ್ಟು ದುಡ್ಡು ಬರುತ್ತದೆ. ಒಳ್ಳೆಯ ಏಜೆಂಟ್‌ಗಳೂ ಇದ್ದಾರೆ, ಕ್ಲೈಮ್ ಹೊತ್ತಿನಲ್ಲಿ ಆಸ್ಪತ್ರೆಗೇ ಬಂದು ನಿಲ್ಲುತ್ತಾರೆ. ಅಂಥವರ ಹತ್ತಿರ ಮಾಡಿಸಿ, ಆದರೆ ಪ್ರಶ್ನೆ ಕೇಳಿಯೇ ಮಾಡಿಸಿ.

ಎಲ್ಲ ಸರಿಯಾಗಿದ್ದೂ ಕ್ಲೈಮ್ ತಿರಸ್ಕಾರ ಆದರೆ ಹಣೆಬರಹ ಅಂತ ಬಿಡಬೇಡಿ. ಮೊದಲು ಕಂಪನಿಗೆ ಬರವಣಿಗೆಯಲ್ಲಿ ದೂರು ಕೊಡಿ. ಒಂದು ತಿಂಗಳಲ್ಲಿ ಉತ್ತರ ಬರದಿದ್ದರೆ, ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ವರ್ಷದೊಳಗೆ ಬೆಂಗಳೂರಿನಲ್ಲಿರುವ, ವಿಮೆ ದೂರು ವಿಚಾರಿಸುವ ಅಧಿಕಾರಿ, ಅಂದರೆ ವಿಮಾ ಓಂಬುಡ್ಸ್‌ಮನ್‌ಗೆ ಬರೆಯಿರಿ. ಜೆ.ಪಿ. ನಗರದ ಜೀವನ್ ಸೌಧದಲ್ಲಿ ಕಚೇರಿ ಇದೆ, ಇಡೀ ಕರ್ನಾಟಕಕ್ಕೆ ಅದೇ. ಆನ್‌ಲೈನ್‌ನಲ್ಲೂ ದೂರು ಹಾಕಬಹುದು. 50 ಲಕ್ಷದವರೆಗಿನ ವಿಷಯ ನೋಡುತ್ತಾರೆ. ಫೀಸು ಇಲ್ಲ, ವಕೀಲರು ಬೇಕಿಲ್ಲ. ತಿರಸ್ಕಾರದ ಪತ್ರ, ಪಾಲಿಸಿ, ಡಿಸ್ಚಾರ್ಜ್ ಸಮ್ಮರಿ, ನೀವು ಕೊಟ್ಟ ದೂರಿನ ಪ್ರತಿ, ಇವಿಷ್ಟನ್ನು ಮೊದಲೇ ಒಂದು ಫೈಲಿನಲ್ಲಿ ಜೋಡಿಸಿಟ್ಟುಕೊಳ್ಳಿ.